ಯಂತ್ರದ ಕೊರಳಲ್ಲಿ ಪೋ

1976ರಲ್ಲಿ ಬಂದ 'ದಿ ಅಲನ್ ಪಾರ್ಸನ್ಸ್ ಪ್ರಾಜೆಕ್ಟ್'ನ ಮೊದಲ ಆಲ್ಬಮ್ 'ಟೇಲ್ಸ್ ಆಫ್ ಮಿಸ್ಟರಿ ಅಂಡ್ ಇಮ್ಯಾಜಿನೇಷನ್', ಗಾಥಿಕ್ ಸಾಹಿತ್ಯವನ್ನು ರಾಕ್ ಸಂಗೀತಕ್ಕೆ ತಂದ ಕೃತಿಗಳ ಮಾತು ಬಂದಾಗಲೆಲ್ಲ ಮೊದಲು ನೆನಪಾಗುವ, ಆದರೆ ನೆನೆದಷ್ಟು ಶ್ರದ್ಧೆಯಿಂದ ಯಾರೂ ಕೇಳದ ಕೃತಿ. ಪಾಳುಬಿದ್ದ ಮಹಲು, ನೆಲಮಾಳಿಗೆಯ ಶವ, ಅಳಿದುಹೋಗುತ್ತಿರುವ ವಂಶ, ಹೆಸರಿಡಲಾಗದ ಭಯ ಇವನ್ನೇ ಬಂಡವಾಳ ಮಾಡಿಕೊಂಡು ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಬೆಳೆದ ಗಾಥಿಕ್ ಕಥನವನ್ನು ಮಹಲಿನಿಂದ ಮನಸ್ಸಿನೊಳಕ್ಕೆ ಸಾಗಿಸಿದವನು ಅಮೆರಿಕದ ಎಡ್ಗರ್ ಅಲನ್ ಪೋ (1809–1849). ಅವನ ಕತೆ, ಕವಿತೆಗಳನ್ನು ಆಧರಿಸಿದ ಈ ಆಲ್ಬಮ್, ಒಂದೇ ವಸ್ತುವಿನ ಸುತ್ತ ಎಲ್ಲ ಹಾಡುಗಳನ್ನೂ ಹೆಣೆಯುವ 'ಕಾನ್ಸೆಪ್ಟ್ ಆಲ್ಬಮ್' ಎಂಬ ಪ್ರಕಾರಕ್ಕೆ ಸೇರಿದ್ದು. ಆ ಪ್ರಕಾರ ಹುಲುಸಾಗಿ ಬೆಳೆದದ್ದು ಪ್ರೋಗ್ರೆಸಿವ್ ರಾಕ್‌ನಲ್ಲಿ, ಅಂದರೆ ಮೂರು ನಿಮಿಷದ ಜನಪ್ರಿಯ ಹಾಡಿನ ಅಳತೆಯನ್ನು ಮೀರಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ವಿಸ್ತಾರಕ್ಕೆ ಕೈಚಾಚಿದ ರಾಕ್‌ನಲ್ಲಿ. ನಿರ್ಮಾಪಕ ಪಾರ್ಸನ್ಸ್ ಅವರು ಪಿಂಕ್ ಫ್ಲಾಯ್ಡ್ ತಂಡದ 'ದಿ ಡಾರ್ಕ್ ಸೈಡ್ ಆಫ್ ದಿ ಮೂನ್' (1973) ಆಲ್ಬಮ್‌ಗೆ ಧ್ವನಿಮುದ್ರಣ ಎಂಜಿನಿಯರ್ ಆಗಿದ್ದವರು, ಎರಿಕ್ ವುಲ್ಫ್‌ಸನ್ ಅವರು ಈ ಯೋಜನೆಯ ಜೊತೆಗಾರರು, ಆಂಡ್ರ್ಯೂ ಪವೆಲ್ ಅವರು ವಾದ್ಯವೃಂದದ ಸಂಯೋಜಕರು ಎಂಬುದನ್ನು ಇಲ್ಲಿ ಬೆಳೆಸಬೇಕಾಗಿಲ್ಲ.

ಈ ಆಲ್ಬಮ್ ಪೋನ ಲೋಕವನ್ನು ನಿಷ್ಠೆಯಿಂದ ಸಂಗೀತಕ್ಕಿಳಿಸಿದೆ ಎಂಬುದು ಅಭಿಮಾನಿಗಳ ನಂಬಿಕೆ. ಅದು ಬಂದ ಕಾಲದ 'ರೋಲಿಂಗ್ ಸ್ಟೋನ್' ವಿಮರ್ಶೆ ಇದಕ್ಕೆ ತದ್ವಿರುದ್ಧವಾಗಿ, ಭೀಕರತೆ ರಕ್ತದಲ್ಲೇ ಇರುವಂಥ ಯಾರಾದರೂ ಬರುವ ತನಕ ಗಾಥಿಕ್ ಪ್ರಿಯರು ಕಾಯಬೇಕೆಂಬ ಅರ್ಥದ ತೀರ್ಪು ಕೊಟ್ಟಿತು. ಸ್ಟುಡಿಯೋದ ಹೊಳಪು ಹೆಚ್ಚಾಯಿತು, ಆವೇಶ ಸಾಲದು, ಎಲ್ಲವೂ ತಣ್ಣಗಿದೆ ಎಂಬ ಆಕ್ಷೇಪ ಅಂದಿನಿಂದ ಇಂದಿನವರೆಗೂ ಉಳಿದು ಬಂದಿದೆ. ಈ ಆಕ್ಷೇಪ ಎತ್ತುವವರು ಪೋನನ್ನು ಓದಿಲ್ಲವೆನ್ನುವುದು ಒರಟು ಮಾತಾದೀತು, ಆದರೆ ಅವನು 1846ರಲ್ಲಿ ಬರೆದ 'ದಿ ಫಿಲಾಸಫಿ ಆಫ್ ಕಾಂಪೊಸಿಷನ್' ಪ್ರಬಂಧವನ್ನು ಮರೆತಿದ್ದಾರೆ ಎನ್ನಲು ಅಡ್ಡಿಯಿಲ್ಲ. 'ದಿ ರೇವನ್' ಎಂಬ ತನ್ನ ಕವಿತೆಯನ್ನು ಸ್ಫೂರ್ತಿಗೆ ಕಿಂಚಿತ್ತೂ ಅವಕಾಶ ಕೊಡದೆ, ಗಣಿತದ ಲೆಕ್ಕ ಬಿಡಿಸಿದ ಹಾಗೆ ಹಂತಹಂತವಾಗಿ ಕಟ್ಟಿದೆನೆಂದು ಅಲ್ಲಿ ಹೇಳಿಕೊಂಡವನು ಪೋ. ಆ ಮಾತಿನಲ್ಲಿ ಬಡಾಯಿಯ ಪಾಲು ಎಷ್ಟೇ ಇರಲಿ, ಓದುಗನ ಮೇಲೆ ಆಗಬೇಕಾದ ಪರಿಣಾಮವನ್ನು ಮೊದಲೇ ನಿಶ್ಚಯಿಸಿಕೊಂಡು ಪ್ರತಿ ಪದವನ್ನೂ ಅದಕ್ಕೆ ದುಡಿಸುವ ಅವನ ಕ್ರಮ ತಣ್ಣನೆಯದೇ. ಆದುದರಿಂದ ತಣ್ಣಗಿರುವುದು ಈ ಆಲ್ಬಮ್‌ನ ದೋಷವಲ್ಲ. ಅದು ತಣ್ಣಗಿದ್ದಲ್ಲಿ ಪೋನಿಗೆ ಹತ್ತಿರವಾಗುತ್ತದೆ, ಬಿಸಿಯೇರಲು ಹೊರಟಲ್ಲಿ ಅವನನ್ನು ಕಳೆದುಕೊಳ್ಳುತ್ತದೆ. ದುರದೃಷ್ಟವೆಂದರೆ ಎರಡನೆಯ ಬಗೆಯ ಭಾಗವೇ ಇಲ್ಲಿ ಹೆಚ್ಚು.

ಮೊದಲನೆಯ ಬಗೆಗೆ ಉದಾಹರಣೆ, ಬಹುಮಟ್ಟಿಗೆ ಏಕೈಕ ಉದಾಹರಣೆ, 'ದಿ ರೇವನ್' ಹಾಡು. ಇದರ ಆರಂಭದ ಸಾಲುಗಳನ್ನು ಪಾರ್ಸನ್ಸ್ ಅವರೇ ವೋಕೋಡರ್ ಮೂಲಕ ಹಾಡಿದ್ದಾರೆ. ವೋಕೋಡರ್ ಎಂದರೆ ಮನುಷ್ಯನ ಮಾತಿನ ಸ್ವರೂಪವನ್ನು ವಿಶ್ಲೇಷಿಸಿ ಅದನ್ನು ವಾದ್ಯದ ಅಥವಾ ಸಿಂಥಸೈಜರ್‌ನ ನಾದದ ಮೇಲೆ ಅಚ್ಚೊತ್ತುವ ವಿದ್ಯುತ್ ಉಪಕರಣ. ಅಕ್ಷರಗಳು ಸ್ಪಷ್ಟವಾಗಿ ಕೇಳಿಸುತ್ತವೆ, ಆಡುವ ವ್ಯಕ್ತಿ ಮಾತ್ರ ಅಲ್ಲಿ ಇರುವುದಿಲ್ಲ. ಅಭಿಮಾನಿಗಳ ಬರಹಗಳಲ್ಲಿ ಈ ಹಾಡಿನ ಮಹತ್ವವೆಲ್ಲ ರಾಕ್ ಸಂಗೀತದಲ್ಲಿ ಇಂಥ ಉಪಕರಣವನ್ನು ಮೊದಲು ಬಳಸಿದ್ದು ಇದೇ ಎಂಬ ದಾಖಲೆಗೆ ಸೀಮಿತವಾಗಿದೆ. ವೆಂಡಿ ಕಾರ್ಲೋಸ್ ಅವರು 1971ರ 'ಎ ಕ್ಲಾಕ್‌ವರ್ಕ್ ಆರೆಂಜ್' ಚಿತ್ರದ ಸಂಗೀತದಲ್ಲಿ, ಜರ್ಮನಿಯ ಕ್ರಾಫ್ಟ್‌ವರ್ಕ್ ತಂಡ 1974ರ 'ಆಟೋಬಾನ್'ನಲ್ಲಿ ವೋಕೋಡರನ್ನು ಬಳಸಿಯಾಗಿದ್ದ ಮೇಲೆ, ಇದು ಡಿಜಿಟಲ್, ಅದು ಅಲ್ಲ, ಇದು ರಾಕ್, ಅದು ಅಲ್ಲ ಎಂದು ಷರತ್ತುಗಳನ್ನು ಪೋಣಿಸುತ್ತ ಹೋದರಷ್ಟೇ ಆ 'ಮೊದಲು' ಉಳಿಯುತ್ತದೆ. ಷರತ್ತಿನ ಬಲದಿಂದ ಗೆಲ್ಲುವ ಇಂಥ ದಾಖಲೆಗಳಿಂದ ವಿಮರ್ಶೆಗೆ ಏನೂ ದಕ್ಕುವುದಿಲ್ಲ. ಯಂತ್ರದ ಕೊರಳನ್ನು ಯಾರಿಗೆ ಕೊಡಲಾಗಿದೆ ಎಂಬ ಪ್ರಶ್ನೆಯನ್ನು ಈ ದಾಖಲೆಪ್ರಿಯರು ಕೇಳಿಕೊಂಡೇ ಇಲ್ಲ.

ಪೋ ತನ್ನ ಪ್ರಬಂಧದಲ್ಲಿ ಕೊಡುವ ವಿವರಣೆ ಹೀಗಿದೆ: ಒಂದೇ ಪದ ಪಲ್ಲವಿಯಾಗಿ ಮರಳಿ ಮರಳಿ ಬರಬೇಕು, ವಿವೇಚನೆಯುಳ್ಳ ಮನುಷ್ಯ ಹಾಗೆ ಒಂದನ್ನೇ ಹೇಳುತ್ತ ಕೂತರೆ ಅಸಹಜವಾಗುತ್ತದೆ, ಆದ್ದರಿಂದ ವಿವೇಚನೆಯಿಲ್ಲದ, ಆದರೆ ಮಾತನಾಡಬಲ್ಲ ಜೀವಿಯೊಂದು ಬೇಕಾಯಿತು, ಮೊದಲು ಗಿಳಿ ಹೊಳೆಯಿತು, ಅನಂತರ ಕವಿತೆಯ ಛಾಯೆಗೆ ಒಪ್ಪುವ ಕಾಡುಕಾಗೆ ಬಂದಿತು. ಅರ್ಥ ತಿಳಿಯದೆ ಉಚ್ಚರಿಸುವ ಕೊರಳು ಎಂಬ ಈ ಕಲ್ಪನೆಗೆ ವೋಕೋಡರ್‌ಗಿಂತ ಸಮೀಪದ ನಾದ 1976ರ ಸ್ಟುಡಿಯೋದಲ್ಲಿ ಸಿಗುವುದು ಕಷ್ಟವಿತ್ತು. ಅಂದ ಮೇಲೆ ಅದನ್ನು ಹಕ್ಕಿಗೆ ಕೊಡುವುದೇ ಸಹಜ. ಆದರೆ ಹಾಡಿನಲ್ಲಿ ಅದು ಹಕ್ಕಿಗೆ ಸಲ್ಲುವುದಿಲ್ಲ, ಪ್ರೇಯಸಿಯನ್ನು ಕಳೆದುಕೊಂಡು ನಡುರಾತ್ರಿ ಬಾಗಿಲ ಸದ್ದಿಗೆ ಬೆಚ್ಚುವ ನಿರೂಪಕನಿಗೆ ಸಲ್ಲುತ್ತದೆ. ಮುಂದೆ ಅವನ ಯಾತನೆ ಏರಿದಂತೆ ಲೆನಾರ್ಡ್ ವೈಟಿಂಗ್ ಅವರ ಸಹಜ ದನಿ (ಜೆಫಿರೆಲ್ಲಿಯ 1968ರ ಚಲನಚಿತ್ರದಲ್ಲಿ ರೋಮಿಯೋ ಆಗಿದ್ದ ನಟ ಇವರೇ) ಮುನ್ನೆಲೆಗೆ ಬರುತ್ತದೆ, ಹಿಂದಿನಿಂದ ಮೇಳಗಾಯನ ಆವರಿಸುತ್ತದೆ. ಮೊದಲ ನೋಟಕ್ಕೆ ಇದು ಎರಡು ಬಗೆಯ ತಪ್ಪು. ಯಂತ್ರ ತಪ್ಪಾದ ಬಾಯಿಗೆ ಹೋಗಿದೆ. ಕ್ರಮವೂ ತಲೆಕೆಳಗಾಗಿದೆ, ಏಕೆಂದರೆ ಬರುವ ಉತ್ತರ ಮೊದಲೇ ಗೊತ್ತಿದ್ದೂ ತನ್ನನ್ನು ಹಿಂಸಿಸಿಕೊಳ್ಳಲೆಂದೇ ಪ್ರಶ್ನೆಗಳನ್ನು ಜೋಡಿಸುವ ಆ ವ್ಯಕ್ತಿ ಕವಿತೆಯಲ್ಲಿ ಮನುಷ್ಯನಾಗಿ ಆರಂಭವಾಗಿ ಹಕ್ಕಿಯಷ್ಟೇ ಯಾಂತ್ರಿಕವಾಗಿ ಮುಗಿಯುತ್ತಾನೆ, ಹಾಡಿನಲ್ಲಾದರೋ ಯಂತ್ರವಾಗಿ ತೊಡಗಿ ಮನುಷ್ಯನಾಗಿ ಕೂಗುತ್ತಾನೆ.

ಆದರೆ ಕವಿತೆಯ ಕಾಲಸೂಚನೆಯನ್ನು ಗಮನಿಸಿದರೆ ಈ ಆಕ್ಷೇಪ ನಿಲ್ಲುವುದಿಲ್ಲ. ಇಡೀ ಕವಿತೆ ಭೂತಕಾಲದಲ್ಲಿ ನಡೆದು ಕೊನೆಯ ಪದ್ಯದಲ್ಲಿ ಥಟ್ಟನೆ ವರ್ತಮಾನಕ್ಕೆ ಬರುತ್ತದೆ: ಹಕ್ಕಿ ಇನ್ನೂ ಅಲ್ಲೇ ಕುಳಿತಿದೆ, ಅದರ ನೆರಳಿನಡಿಯಿಂದ ಈ ಆತ್ಮ ಏಳಲಾರದು. ಹಾಗಿದ್ದರೆ ಮೊದಲ ಪದ್ಯದಲ್ಲಿ ಕತೆ ಹೇಳಲು ತೊಡಗುವವನು ಬಾಗಿಲ ಸದ್ದು ಕೇಳಿ ಬೆಚ್ಚಿದ ಅಂದಿನ ಮನುಷ್ಯನಲ್ಲ, ಎಲ್ಲ ಮುಗಿದ ಮೇಲೆ ಒಳಗೆ ಏನೂ ಉಳಿಯದೆ ಅದನ್ನೇ ಮತ್ತೆ ಹೇಳುತ್ತಿರುವ ಇಂದಿನ ಮನುಷ್ಯ. ಅವನ ದನಿ ಯಂತ್ರದ್ದಾಗಿರುವುದೇ ಯುಕ್ತ. ನೆನಪು ಬಿಚ್ಚಿಕೊಂಡಂತೆ ಅಂದಿನ ಮನುಷ್ಯನ ಜೀವಂತ ದನಿ ಅದರೊಳಗಿಂದ ಮೇಲೆದ್ದು ಬರುವುದೂ ಯುಕ್ತ. ಮಾತಿನ ರೂಪದಲ್ಲಿ ವ್ಯಾಖ್ಯಾನಕಾರರು ಅಪರೂಪಕ್ಕೆ ಹಿಡಿದ ಈ ಸೂಕ್ಷ್ಮವನ್ನು ಹಾಡು ಒಂದು ಉಪಕರಣದ ನಿಯೋಜನೆಯಿಂದಲೇ ಹಿಡಿದಿದೆ. ಪಾರ್ಸನ್ಸ್ ಇದನ್ನು ಉದ್ದೇಶಿಸಿದ್ದರೇ ಎಂಬುದು ಅಪ್ರಸ್ತುತ.

ಆಲ್ಬಮ್‌ನ ಖ್ಯಾತಿಯ ಬಹುಭಾಗ ಮಾತ್ರ ಈ ಹಾಡಿಗಲ್ಲ, ಎರಡನೆಯ ಬದಿಯನ್ನು ಬಹುತೇಕ ಆಕ್ರಮಿಸಿರುವ, ಹದಿನಾರು ನಿಮಿಷಗಳ 'ದಿ ಫಾಲ್ ಆಫ್ ದಿ ಹೌಸ್ ಆಫ್ ಅಷರ್' ಎಂಬ ಐದು ಖಂಡಗಳ ವಾದ್ಯಕೃತಿಗೆ ಸಂದಿದೆ. ಇದರ ಏಳು ನಿಮಿಷದ ಪೀಠಿಕೆಯನ್ನು ಪವೆಲ್ ಅವರ ಪ್ರತಿಭೆಯ ಶಿಖರವೆಂದು ಕೊಂಡಾಡುವವರು, ಅದರ ಪ್ರೇರಣೆ ಫ್ರೆಂಚ್ ಸಂಗೀತಕಾರ ಕ್ಲಾಡ್ ಡೆಬುಸ್ಸಿ ಇದೇ ಕತೆಯನ್ನಾಧರಿಸಿ 1908ರಿಂದ 1917ರ ತನಕ ಬರೆಯುತ್ತಲೇ ಇದ್ದು, ಮುಗಿಸದೆ ಬಿಟ್ಟ ಒಪೇರಾದ ತುಣುಕು ಎಂಬುದನ್ನು ಹೇಳುವುದೇ ಇಲ್ಲ. ಡೆಬುಸ್ಸಿಯ ಮಂಕು ಬೆಳಕು ಇರುವಷ್ಟು ಹೊತ್ತು ಕೃತಿಗೆ ಘನತೆಯಿದೆ. ಅದರ ನಂತರ ಗುಡುಗು, ಮಳೆ, ಆರ್ಗನ್ ಬರುತ್ತವೆ, ಅಂದರೆ ಭಯದ ಚಲನಚಿತ್ರಗಳ ಸಿದ್ಧಸಾಮಗ್ರಿ.

ಕೊರತೆ ಎಷ್ಟು ದೊಡ್ಡದೆಂಬುದು ಕತೆಯ ಕೊನೆಯನ್ನು ನೆನೆದರೆ ತಿಳಿಯುತ್ತದೆ. 1839ರ ಈ ಕತೆ ಮೂಲತಃ ಶಬ್ದದ ಕತೆ. ಮಹಲಿನ ಒಡೆಯ ರಾಡರಿಕ್ ಅಷರ್‌ನ ಕಿವಿ ಎಷ್ಟು ನೊಂದಿದೆಯೆಂದರೆ ಕೆಲವು ತಂತಿವಾದ್ಯಗಳ ನಾದವನ್ನು ಬಿಟ್ಟು ಬೇರೇನನ್ನೂ ಅದು ಸಹಿಸದು. ಬಿರುಗಾಳಿಯ ರಾತ್ರಿ ಅವನನ್ನು ಸಮಾಧಾನಪಡಿಸಲು ಗೆಳೆಯನೊಬ್ಬ ಹಳೆಯ ವೀರಗಾಥೆಯೊಂದನ್ನು ಓದುತ್ತಾನೆ; ಗಾಥೆಯಲ್ಲಿ ಬಾಗಿಲು ಸೀಳಿದಾಗ ಮನೆಯ ಯಾವುದೋ ಮೂಲೆಯಲ್ಲಿ ಮರ ಸೀಳಿದ ಸದ್ದು, ಅಲ್ಲಿ ಡ್ರ್ಯಾಗನ್ ಚೀರಿದಾಗ ಇಲ್ಲೊಂದು ಚೀತ್ಕಾರ, ಅಲ್ಲಿ ಗುರಾಣಿ ಬಿದ್ದಾಗ ಇಲ್ಲಿ ಲೋಹದ ಝೇಂಕಾರ; ಜೀವವಿರುವಾಗಲೇ ಸಮಾಧಿಗಿಟ್ಟ ಅವನ ಸೋದರಿ ಹೀಗೆ ಸದ್ದಿನಿಂದ ಸದ್ದಿಗೆ ಹತ್ತಿರವಾಗುತ್ತಾಳೆ. ಎರಡು ಧ್ವನಿಗಳನ್ನು ಬೇರೆ ಬೇರೆ ಮುದ್ರಿಸಿ ಒಂದರ ಮೇಲೊಂದನ್ನು ಕೂರಿಸುವ ಸ್ಟುಡಿಯೋ ವಿದ್ಯೆಯಲ್ಲಿ ಪಳಗಿದವರ ಮುಂದೆ ಪೋ ಇದಕ್ಕಿಂತ ಹದವಾದ ಸಾಮಗ್ರಿ ಇಡಬಹುದಿತ್ತೇ? ಅವರು ಆ ಪ್ರಸಂಗವನ್ನು ಮುಟ್ಟಲೇ ಇಲ್ಲ. ಮಹಲು ಕುಸಿಯುವ ಖಂಡ ಐವತ್ತೊಂದು ಸೆಕೆಂಡಿನ ವಾದ್ಯಗಳ ಗದ್ದಲದಲ್ಲಿ ಮುಗಿದುಹೋಗುತ್ತದೆ. ನಡುವಿನ 'ಪವಾನ್' ಎಂಬ ಖಂಡ (ಯುರೋಪಿನ ಅರಮನೆಗಳ ನಿಧಾನಗತಿಯ ಹಳೆಯ ನೃತ್ಯಕ್ಕೆ ಈ ಹೆಸರು) ಮೀಟುತಂತಿಗಳ ಮೇಲೆ ನಿಂತಿರುವುದರಿಂದ ರಾಡರಿಕ್‌ನ ಕಿವಿಗೆ ಒಪ್ಪುವಂತಿದೆ ಎಂಬುದನ್ನು ನ್ಯಾಯವಾಗಿ ಒಪ್ಪಬೇಕು.

'ದಿ ಟೆಲ್-ಟೇಲ್ ಹಾರ್ಟ್' ಹಾಡಿನ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ತಾನು ಹುಚ್ಚನಲ್ಲ, ಎಷ್ಟು ಶಾಂತವಾಗಿ ಹೇಳುತ್ತೇನೆ ನೋಡಿ ಎಂದು ಮಾತಿಗೆ ತೊಡಗುವ ಕೊಲೆಗಾರನ ಆ ಶಾಂತಿಯೇ ಕತೆಯ ಭೀಕರತೆ. ಗಾಯಕ ಆರ್ಥರ್ ಬ್ರೌನ್ ಅವರ ಪ್ರಸಿದ್ಧ ಚೀತ್ಕಾರ ಕತೆ ಎಲ್ಲಿ ಮುಗಿಯಬೇಕೋ ಅಲ್ಲಿಂದ ಹಾಡನ್ನು ಆರಂಭಿಸುತ್ತದೆ. ಆವೇಶ ಸಾಲದೆಂದವರು ಕೇಳಿದ್ದು ಇದನ್ನೇ ಆಗಿದ್ದರೆ ಅವರಿಗೆ ಅದು ಸಿಕ್ಕಿತ್ತು.

1987ರಲ್ಲಿ ಪಾರ್ಸನ್ಸ್ ಈ ಆಲ್ಬಮ್‌ನ ಮೂಲ ಮುದ್ರಣದ ಪದರಗಳನ್ನು ಹೊಸದಾಗಿ ಬೆರೆಸಿ, ಅಂದರೆ ರೀಮಿಕ್ಸ್ ಮಾಡಿ, ಹೊಸ ಗಿಟಾರ್ ಭಾಗಗಳನ್ನು ಕೂಡಿಸಿ, ಡ್ರಮ್‌ಗಳಿಗೆ ಆ ದಶಕಕ್ಕೆ ಪ್ರಿಯವಾಗಿದ್ದ ಕೃತಕ ಅನುರಣನ ತುಂಬಿ, ಎರಡು ವರ್ಷ ಹಿಂದೆ ತೀರಿಕೊಂಡಿದ್ದ ನಟ ಆರ್ಸನ್ ವೆಲ್ಸ್ ಅವರ ನಿರೂಪಣೆಯನ್ನೂ ಸೇರಿಸಿ ಮತ್ತೆ ಹೊರತಂದರು. ವೆಲ್ಸ್ ಅವರ ದನಿ ಗಂಭೀರವೂ ಸುಂದರವೂ ಆಗಿದೆ, ಆ ಕಾರಣಕ್ಕೇ ಅನೇಕರು ಈ ಆವೃತ್ತಿಯನ್ನು ಮೆಚ್ಚುತ್ತಾರೆ. ಆದರೆ ಪ್ರಾಜ್ಞ ಸೂತ್ರಧಾರನೊಬ್ಬ ಬಾಗಿಲಲ್ಲಿ ನಿಂತು ಒಳಗಿನದು ಗಹನವೆಂದು ಸಾರುವುದು, ನಂಬಲಾಗದ ನಿರೂಪಕರ ಬಾಯಿಗೆ ನೇರವಾಗಿ ನಮ್ಮನ್ನು ಒಪ್ಪಿಸುವ ಪೋನ ರೀತಿಗೆ ಪೂರ್ತಿ ವಿರುದ್ಧ. 2007ರ ವಿಸ್ತೃತ ಆವೃತ್ತಿ ಎರಡೂ ರೂಪಗಳನ್ನು ಒಟ್ಟಿಗೆ ಕೊಟ್ಟಿರುವುದರಿಂದ ಹೋಲಿಕೆ ಈಗ ಸುಲಭ, 1976ರ ರೂಪವೇ ಮೇಲೆನ್ನಲು ಒಂದು ಸಲದ ಆಲಿಕೆ ಸಾಕು. ಇದೇ ಅಷರ್ ಕತೆಯನ್ನು ಒಪೇರಾ ಮಾಡಿ 1991ರಲ್ಲಿ ಹೊರತಂದ ಪೀಟರ್ ಹ್ಯಾಮಿಲ್ ಅವರಿಗೂ ತಮ್ಮ ಕೃತಿಗೆ ಮರಳಬೇಕೆನಿಸಿತು, ಅವರ ಮೊದಲ ರೂಪವೂ ಭಾರವಾಗಿಯೇ ಇತ್ತು. ಆದರೆ 1999ರ ಹೊಸ ರೂಪಕ್ಕಾಗಿ ಅವರು ಮೊದಲು ಮಾಡಿದ್ದು ಡ್ರಮ್‌ಗಳನ್ನೆಲ್ಲ ತೆಗೆದುಹಾಕಿದ್ದು.