ಶ್ರಮನಿದ್ರೆಯ ದೇವಿ: ತುಳಜಾಪುರವನ್ನು ಓದುವ ಬಗೆ

ದಸರಾ ಮುಗಿದು ಸೀಗೆ ಹುಣ್ಣಿಮೆ ಹತ್ತಿರವಾಗುತ್ತಿದ್ದಂತೆ ಬೀದರ್ ಮತ್ತು ಕಲಬುರಗಿ ಜಿಲ್ಲೆಗಳ ಜನ ಗುಂಪುಗುಂಪಾಗಿ ಪಶ್ಚಿಮಕ್ಕೆ ನಡೆಯತೊಡಗುತ್ತಾರೆ. ಖಟಕ ಚಿಂಚೋಳಿಯಂಥ ಊರುಗಳಿರುವ ಭಾಲ್ಕಿ ತಾಲ್ಲೂಕು, ಹುಮನಾಬಾದ್, ಬಸವಕಲ್ಯಾಣ ಈ ಸೀಮೆಯಲ್ಲಿ ಭವಾನಿ ಎಂದರೆ ತುಳಜಾಪುರ. ಹೆದ್ದಾರಿ ಹಿಡಿದು ಉಮರ್ಗಾ, ನಳದುರ್ಗ ದಾಟಿ ತುಳಜಾಪುರ ಮುಟ್ಟಲು ಬಸವಕಲ್ಯಾಣದವರಿಗೇ ನೂರು ಕಿಲೋಮೀಟರಿನಷ್ಟು ಹಾದಿ. ಕಾಲಿಗೆ ಬೊಬ್ಬೆ ಬಂದವರು, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡವರು, ಕೊರಳಿಗೆ ಕವಡೆ ಸರ ಹಾಕಿಕೊಂಡವರು 'ಆಯಿ ರಾಜಾ ಉದೋ ಉದೋ' ಎನ್ನುತ್ತಾ ನಡೆಯುತ್ತಾರೆ. ಅವರಲ್ಲಿ ಕನ್ನಡದವರಿದ್ದಾರೆ, ಮರಾಠಿಯವರಿದ್ದಾರೆ. ಮನೆಮಾತು ಯಾವುದೇ ಇರಲಿ, ದೇವಿ ಒಬ್ಬಳೇ.

ಈ ನಡಿಗೆಯ ಅರ್ಥವೇನು? ನಮ್ಮ ಪತ್ರಿಕೆಗಳಲ್ಲಿ, ಭಾಷಣಗಳಲ್ಲಿ, ದೇವಸ್ಥಾನದ ಮುಂದೆ ಮಾರುವ ಕಿರುಹೊತ್ತಿಗೆಗಳಲ್ಲಿ ಇದಕ್ಕೆ ಮೂರು ಬಗೆಯ ಉತ್ತರ ಸಿಗುತ್ತದೆ. ಮೊದಲನೆಯದು ಫಲಶ್ರುತಿಯ ಉತ್ತರ: ಹರಕೆ ಹೊತ್ತರೆ ಸಂತಾನ, ದರ್ಶನ ಪಡೆದರೆ ಸಂಪತ್ತು. ಎರಡನೆಯದು ಖಡ್ಗದ ಉತ್ತರ: ಶಿವಾಜಿಗೆ ಕತ್ತಿ ಕೊಟ್ಟ ದೇವಿ, ಶತ್ರುಸಂಹಾರದ ದೇವಿ. ಮೂರನೆಯದು ವಿಚಾರವಂತರೆನಿಸಿಕೊಂಡವರ ಉತ್ತರ: ಇದೆಲ್ಲ ಮೂಢನಂಬಿಕೆ, ಹೆಚ್ಚು ಹೇಳುವುದೇನಿಲ್ಲ. ಒಂದನ್ನೊಂದು ವಿರೋಧಿಸುವಂತೆ ಕಾಣುವ ಈ ಮೂರೂ ಓದುಗಳಲ್ಲಿ ಒಂದು ಸಮಾನ ದೋಷವಿದೆ. ಅವು ನಡೆಯುತ್ತಿರುವ ಮನುಷ್ಯರನ್ನು ನೋಡುವುದೇ ಇಲ್ಲ. ಗುಡಿಯ ಆಧ್ಯಾತ್ಮಿಕ ಅರ್ಥವನ್ನು ಅದರ ಆಚರಣೆಗಳಲ್ಲಿ, ಅದನ್ನು ಹೊತ್ತವರ ಬದುಕಿನಲ್ಲಿ ಹುಡುಕಬೇಕೇ ಹೊರತು ಅದರ ಹೆಸರಿನಲ್ಲಿ ಇತರರು ಆಡುವ ಮಾತುಗಳಲ್ಲಲ್ಲ.

ಆಚರಣೆಯಿಂದಲೇ ಆರಂಭಿಸೋಣ. ತುಳಜಾಪುರದ ಮೂರ್ತಿ ಕರಿಯ ಶಿಲೆಯದು. ಎಂಟು ಕೈಗಳ ಮಹಿಷಮರ್ದಿನಿ. ಸಾಮಾನ್ಯವಾಗಿ ಗರ್ಭಗುಡಿಯ ಮೂಲಮೂರ್ತಿಯನ್ನು ನೆಲೆಯಿಂದ ಕದಲಿಸುವುದಿಲ್ಲ. ಇಲ್ಲಿ ಹಾಗಲ್ಲ, ಇದು ಚಲಮೂರ್ತಿ. ವರ್ಷಕ್ಕೆ ಮೂರು ಸಲ ದೇವಿಯನ್ನು ಸಿಂಹಾಸನದಿಂದ ಇಳಿಸಿ ಮಂಚದ ಮೇಲೆ ಮಲಗಿಸುತ್ತಾರೆ. ನವರಾತ್ರಿಗೆ ಮೊದಲು ಮಲಗುವುದು ಘೋರನಿದ್ರೆ. ಪುಷ್ಯ ಮಾಸದ ಶಾಕಂಭರಿ ನವರಾತ್ರಿಗೆ ಮೊದಲಿನದು ಮೋಹನಿದ್ರೆ. ವಿಜಯದಶಮಿಯಂದು ಪಲ್ಲಕ್ಕಿಯಲ್ಲಿ ಸೀಮೋಲ್ಲಂಘನ ಮುಗಿಸಿ ಬಂದ ಮೇಲೆ ಮಲಗುವುದು ಶ್ರಮನಿದ್ರೆ. ಈ ನಿದ್ರೆ ಮುಗಿದು ದೇವಿ ಮತ್ತೆ ಸಿಂಹಾಸನ ಏರುವುದು ಅಶ್ವಯುಜದ ಹುಣ್ಣಿಮೆಗೆ. ಅಂದರೆ ನಮ್ಮ ಸೀಮೆಯ ಜನ ನಡೆಯುತ್ತಿರುವ ದಿನಗಳಲ್ಲಿ ದೇವಿ ದಣಿದು ಮಲಗಿರುತ್ತಾಳೆ. ಅವರು ನಡೆಯುವುದು ಅವಳ ಎಚ್ಚರದ ಕಡೆಗೆ.

ಶ್ರಮನಿದ್ರೆ ಎಂಬ ಹೆಸರನ್ನು ಸ್ವಲ್ಪ ಯೋಚಿಸಿ ನೋಡಬೇಕು. ಅಸುರನನ್ನು ಗೆದ್ದ ಶಕ್ತಿಗೂ ಆಯಾಸವಿದೆ, ಗೆಲುವಿನ ಮರುಗಳಿಗೆ ಅವಳಿಗೆ ಬೇಕಾದದ್ದು ಜಯಘೋಷವಲ್ಲ, ವಿಶ್ರಾಂತಿ ಎಂದು ಈ ಆಚರಣೆ ಹೇಳುತ್ತದೆ. ಹೊಲದಲ್ಲಿ ಕಳೆ ಕಿತ್ತು, ಮನೆಗೆ ಬಂದು ರೊಟ್ಟಿ ಬಡಿದು, ಎಲ್ಲರೂ ಉಂಡ ಮೇಲೆ ಉಣ್ಣುವ ಹೆಣ್ಣುಮಗಳಿಗೆ ಈ ದೇವಿ ಪರಕೀಯಳಲ್ಲ. ತನ್ನ ದಣಿವನ್ನು ಯಾರೂ ಗುರುತಿಸದ ಲೋಕದಲ್ಲಿ, ದಣಿವಿಗೆ ಒಂದು ಹೆಸರಿಟ್ಟು, ಅದಕ್ಕೊಂದು ಮಂಚ ಹಾಸಿ, ಐದು ದಿನ ಗೌರವಿಸುವ ಗುಡಿ ಅದು. ಕತ್ತಿಯನ್ನಷ್ಟೇ ನೋಡುವವರ ಕಣ್ಣಿಗೆ ಈ ಮಂಚ ಬೀಳುವುದಿಲ್ಲ.

ಆ ಮಂಚ, ಪಲ್ಲಕ್ಕಿಗಳಾದರೂ ಎಲ್ಲಿಂದ ಬರುತ್ತವೆ? ಈಗ ಅಹಿಲ್ಯಾನಗರ ಎನಿಸಿಕೊಂಡಿರುವ ಅಹಮದನಗರ ಜಿಲ್ಲೆಯ ಕಡೆಯಿಂದ. ಪಲ್ಲಕ್ಕಿ ಬುರ್ಹಾಣನಗರದ್ದು, ಅದರ ಸೇವೆ ಗಾಣದ ಕಸುಬಿನ ತೇಲಿ ಸಮುದಾಯದ ಮನೆತನಕ್ಕೆ ಸೇರಿದ್ದು. ಗುಡಿಯಲ್ಲಿ ದೇವಿಯ ಪೂಜೆ ನಡೆಸುವ ಭೋಪೆಗಳು ಮರಾಠಾ ಸಮುದಾಯದವರು. ಊರೂರಿನಲ್ಲಿ ದೇವಿಯ ಕಥೆ ಹಾಡುವವರು ಗೊಂಧಳಿಗರು. ಈ ಕಲೆಯನ್ನು ಬದುಕಿನುದ್ದಕ್ಕೂ ಹಾಡಿಕೊಂಡು ಬಂದ ಬಾಗಲಕೋಟೆಯ ವೆಂಕಪ್ಪ ಅಂಬಾಜಿ ಸುಗತೇಕರ ಅವರಿಗೆ 2025ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ಅನೇಕರಿಗೆ ಗೊಂಧಳಿ ಎಂಬ ಹೆಸರೇ ಹೊಸದೆನಿಸಿತು. ದುಡಿಯುವವರ ಹೆಗಲು, ಕೈ ಮತ್ತು ಕೊರಳಿನ ಮೇಲೆ ನಿಂತ ದೈವ ಇದು.

ಇನ್ನೊಂದು ಆಚರಣೆ ಜೋಗ. ಮಂಗಳವಾರ, ಶುಕ್ರವಾರ ಪರಡಿ ಎಂಬ ಬುಟ್ಟಿ ಹಿಡಿದು ದೇವಿಯ ಹೆಸರಿನಲ್ಲಿ ಐದು ಮನೆ ಬೇಡುವುದು. ಹರಕೆ ಹೊತ್ತವರು ಉಳ್ಳವರಾದರೂ ಬೇಡಲೇಬೇಕು. ಮನೆಯಲ್ಲಿ ಜೋಳದ ಚೀಲ ತುಂಬಿದ್ದರೂ ನೆರೆಮನೆಯ ಹೊಸ್ತಿಲಲ್ಲಿ ನಿಂತು ಒಂದು ಹಿಡಿ ಹಿಟ್ಟಿಗೆ ಕೈಯೊಡ್ಡಬೇಕು. 'ನಾನು', 'ನನ್ನದು' ಎಂಬ ಗರ್ವವನ್ನು ಇಳಿಸಲು ಇದಕ್ಕಿಂತ ನೇರವಾದ ದಾರಿ ಇನ್ನೇನಿದೆ? ಸೂಫಿಗಳ ಜೋಳಿಗೆಗೂ ಜಂಗಮರ ಜೋಳಿಗೆಗೂ ಈ ಪರಡಿಗೂ ಸಿದ್ಧಾಂತದಲ್ಲಿ ಬಹಳ ಅಂತರವಿದೆ. ಆದರೆ ಬೇಡುವವನ ಬಾಗಿದ ತಲೆ ಮೂರರಲ್ಲೂ ಒಂದೇ.

ಇಷ್ಟು ಹೇಳಿದ ಮೇಲೆ ಒಂದು ಪ್ರಶ್ನೆ ಏಳುವುದು ಸಹಜ. ಏಕದೇವನನ್ನಲ್ಲದೆ ಬೇರಾರನ್ನೂ ಆರಾಧಿಸದ ಮುಸ್ಲಿಮನಿಗೆ ದೇವಿಯ ಗುಡಿಯ ಆಧ್ಯಾತ್ಮದ ಗೊಡವೆ ಏಕೆ? ಈ ಪ್ರಶ್ನೆ ಮುಸ್ಲಿಮರದ್ದು ಮಾತ್ರವಲ್ಲ. ತುಳಜಾಪುರದ ಹಾದಿ ಬಸವಕಲ್ಯಾಣದ ಮಗ್ಗುಲಲ್ಲೇ ಹಾಯುತ್ತದೆ. ಸ್ಥಾವರವನ್ನು ಅಲ್ಲಗಳೆದು, ಮಾರಿ ಮಸಣಿಯರ ಆರಾಧನೆಯನ್ನು ಕಟುವಾಗಿ ಟೀಕಿಸಿದ ಶರಣರು ಹನ್ನೆರಡನೆಯ ಶತಮಾನದಲ್ಲಿ ಓಡಾಡಿದ್ದು ಅಲ್ಲೇ. ಅಂದಮೇಲೆ ದೇವಿಯ ಆರಾಧನೆಯನ್ನು ಒಪ್ಪದವರು ಈ ನೆಲಕ್ಕೆ ಹೊಸಬರಲ್ಲ, ಹೊರಗಿನವರೂ ಅಲ್ಲ. ಆದರೆ ಒಪ್ಪದಿರುವುದು ಬೇರೆ, ಅರಿಯದಿರುವುದು ಬೇರೆ. ಇತರರು ಪ್ರಾರ್ಥಿಸುವವುಗಳನ್ನು ನಿಂದಿಸಬಾರದೆಂದು ಕುರ್‌ಆನ್ ತನ್ನ 6ನೇ ಅಧ್ಯಾಯದ 108ನೇ ಸೂಕ್ತದಲ್ಲಿ ವಿಶ್ವಾಸಿಗಳನ್ನು ತಡೆಯುತ್ತದೆ. ನಿಂದಿಸದಿರಲು ಸೌಜನ್ಯವಷ್ಟೇ ಸಾಲದು; ನೆರೆಯವನ ಪ್ರಾರ್ಥನೆಯಲ್ಲಿ ಅವನ ನೋವು ಯಾವುದು, ಹಂಬಲ ಯಾವುದು ಎಂಬ ತಿಳಿವಳಿಕೆಯೂ ಬೇಕು.

ಈ ತಿಳಿವಳಿಕೆಗೆ ಅಡ್ಡ ಬರುವುದು ಇತಿಹಾಸ. ಅದನ್ನು ಬದಿಗೆ ಸರಿಸಿ ಸೌಹಾರ್ದದ ಮಾತಾಡುವುದು ಪ್ರಾಮಾಣಿಕತೆಯಲ್ಲ. 1659ರಲ್ಲಿ ಬಿಜಾಪುರದ ಸೇನಾನಿ ಅಫ್ಜಲ್ ಖಾನ್ ಶಿವಾಜಿಯ ಮೇಲೆ ದಂಡೆತ್ತಿ ಹೋಗುವಾಗ ತುಳಜಾಪುರದ ದೇವಿಗೆ ಅಪಚಾರ ಮಾಡಿದನೆಂದು ಮರಾಠಿ ಬಖರುಗಳು ಹೇಳುತ್ತವೆ. ಆರಾಧನಾಲಯಕ್ಕೆ ಕೈಯಿಟ್ಟವನು ಯಾರೇ ಆಗಲಿ, ಅವನ ಕೃತ್ಯವನ್ನು ಮುಸ್ಲಿಮರು ಸಮರ್ಥಿಸಬೇಕಾದ ಅಗತ್ಯವಿಲ್ಲ. ರಾಜ್ಯದಾಹಕ್ಕೆ ಧರ್ಮದ ರಕ್ಷಣೆ ಕೊಡುವುದು ಧರ್ಮಕ್ಕೇ ಮಾಡುವ ಅಪಚಾರ. ಹಾಗೆಯೇ, ಆ ಒಂದು ವರ್ಷದಲ್ಲೇ ದೇವಿಯನ್ನು ಬಂಧಿಸಿಟ್ಟು, ಇಂದಿನ ಬಾಗವಾನನನ್ನೋ ಟಾಂಗಾವಾಲಾನ ಮೊಮ್ಮಗನನ್ನೋ ಅಂದಿನ ಲೆಕ್ಕಕ್ಕೆ ಹೊಣೆ ಮಾಡುವುದು ನ್ಯಾಯವೂ ಅಲ್ಲ, ಭಕ್ತಿಯೂ ಅಲ್ಲ.

ಏಕೆಂದರೆ 1659ರ ಆಚೆಗೂ ಈ ಗುಡಿಗೆ ಇತಿಹಾಸವಿದೆ. 1948ರವರೆಗೆ ಬೀದರ್ ಮತ್ತು ತುಳಜಾಪುರ ಎರಡೂ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಈ ಗುಡಿಯ ಪೂಜಾಕ್ರಮ, ಪೂಜಾರಿಗಳ ಹಕ್ಕುಬಾಧ್ಯತೆ, ಶಿಸ್ತು ಇವುಗಳನ್ನು ಬರೆದಿಟ್ಟ 'ದೇವುಲ್-ಎ-ಕವಾಯತ್' ಎಂಬ ನಿಯಮಾವಳಿ ಸಿದ್ಧವಾದದ್ದು 1909ರಲ್ಲಿ, ನಿಜಾಮರ ಆಡಳಿತದಲ್ಲೇ. ದೇವಸ್ಥಾನದ ಶಿಸ್ತಿನ ಪ್ರಶ್ನೆ ಎದ್ದಾಗ ಇತ್ತೀಚಿನ ವರ್ಷಗಳಲ್ಲೂ ಇದೇ ನಿಯಮಾವಳಿಯನ್ನು ಮುಂದಿಡಲಾಗಿದೆ. ಉಸ್ಮಾನಾಬಾದ್ ಜಿಲ್ಲೆಯ ಹೆಸರು 2023ರಲ್ಲಿ ಧಾರಾಶಿವ ಎಂದಾಯಿತು. ಮರಾಠಿಯ 'ದೇವುಳ'ವನ್ನೂ ಪರ್ಷಿಯನ್ ಶೈಲಿಯ 'ಕವಾಯತ್ತ'ನ್ನೂ ಕೂಡಿಸಿದ ಆ ಹೆಸರು ಮಾತ್ರ ಉಳಿದಿದೆ. ಇದರಿಂದ ನಿಜಾಮರ ಆಡಳಿತ ಸ್ವರ್ಗವಾಗಿತ್ತೆಂದು ಸಾಬೀತಾಗುವುದಿಲ್ಲ. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣ ಸೀಮೆಯ ಗೋರ್ಟಾದಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡವನ್ನು ಬೀದರ್ ಮರೆತಿಲ್ಲ, ಮರೆಯಬೇಕಾಗಿಯೂ ಇಲ್ಲ. ಅದೇ ವರ್ಷದ ಸೆಪ್ಟೆಂಬರ್ ಕಾರ್ಯಾಚರಣೆಯ ನಂತರ ಮುಸ್ಲಿಮರ ಮೇಲೆ ನಡೆದ ಹಿಂಸೆಯನ್ನು ವಿಚಾರಿಸಿದ ಸುಂದರಲಾಲ್ ಸಮಿತಿ, ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳೆಂದು ಹೆಸರಿಸಿದ್ದು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್ ಮತ್ತು ನಾಂದೇಡ್‌ಗಳನ್ನು. ಪಾದಯಾತ್ರೆಯ ಹಾದಿ ಹಾಯುವುದು ಈ ಗಾಯಗಳ ನಡುವೆಯೇ. ಇಂಥ ನೆಲದಲ್ಲಿ ದೇವಿಯ ಕೈಗೆ ಮತ್ತೆ ಮತ್ತೆ ಕತ್ತಿ ಕೊಡಲು ಹವಣಿಸುವವರು ಯಾರ ನೆತ್ತರನ್ನು ಬಯಸುತ್ತಿದ್ದಾರೆ?

ಪರಸ್ಪರರ ಕಡೆಗೆ ನಡೆಯುವುದು ಈ ಸೀಮೆಗೆ ಗೊತ್ತಿಲ್ಲದ ವಿದ್ಯೆಯಲ್ಲ. ಬೀದರ್ ಪಕ್ಕದ ಅಷ್ಟೂರಿನಲ್ಲಿ 1436ರಲ್ಲಿ ತೀರಿಕೊಂಡ ಬಹಮನಿ ಸುಲ್ತಾನ ಅಹ್ಮದ್ ಷಾ ವಲಿಯ ಗೋರಿಯಿದೆ. ಅಲ್ಲಿಯ ಉರೂಸ್ ಹೋಳಿ ಹುಣ್ಣಿಮೆಯ ಲೆಕ್ಕ ಹಿಡಿದು ನಡೆಯುತ್ತದೆ. ಕಲಬುರಗಿ ಜಿಲ್ಲೆಯ ಮಾಡಿಯಾಳದ ಜಂಗಮರು ಶಿಷ್ಯರೊಡನೆ ಬಂದು ಅದರಲ್ಲಿ ಪಾಲ್ಗೊಳ್ಳುತ್ತಾರೆ. ಅಲ್ಲಿ ಜಂಗಮರು ತಮ್ಮ ಲಿಂಗವನ್ನು ಬಿಟ್ಟುಕೊಟ್ಟಿಲ್ಲ, ಮುಸ್ಲಿಮರು ತಮ್ಮ ಕಲಿಮಾವನ್ನು ಬಿಟ್ಟುಕೊಟ್ಟಿಲ್ಲ.

ಹೀಗೆಂದು ದೇವಿಯ ಪರಂಪರೆಯನ್ನು ಹೊಗಳಿ ಮುಗಿಸುವುದೂ ಸರಿಯಲ್ಲ. ಶ್ರಮವನ್ನು ಗೌರವಿಸುವ ದೈವದ ಹೆಸರಿನಲ್ಲಿ ಶ್ರಮವನ್ನು ಯಾರ ತಲೆಗೆ ಕಟ್ಟಲಾಗಿದೆ ಎಂಬುದನ್ನು ಕೇಳಲೇಬೇಕು. ಉಳ್ಳವರು ಐದು ಮನೆ ಬೇಡಿ ಮನೆಗೆ ಮರಳುತ್ತಾರೆ. ದೇವರಿಗೆ ಬಿಟ್ಟ ಬಡ ಹೆಣ್ಣುಮಗಳು ಬದುಕಿಡೀ ಬೇಡುತ್ತಾಳೆ. ಇದೇ ಶಕ್ತಿಪರಂಪರೆಯ ಇನ್ನೊಂದು ದೊಡ್ಡ ಕ್ಷೇತ್ರವಾದ ಸವದತ್ತಿಯ ಎಲ್ಲಮ್ಮನ ಹೆಸರಿನಲ್ಲಿ ನಡೆಯುತ್ತಿದ್ದ ಅನ್ಯಾಯವನ್ನು ತಡೆಯಲು ಕರ್ನಾಟಕ 1982ರಲ್ಲಿ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ತರಬೇಕಾಯಿತು. ಮರಿಆಯಿಯ ಹೆಸರಿನಲ್ಲಿ ಬೀದಿಯಲ್ಲಿ ತನ್ನ ಮೈಗೆ ತಾನೇ ಚಾಟಿ ಬೀಸಿಕೊಂಡು ಕಾಸು ಕೇಳುವ ಪೋತರಾಜ ಮಾಂಗ ಸಮುದಾಯದ ಬಡವನೇ ಆಗಿರುವುದು ದೈವಸಂಕಲ್ಪವಲ್ಲ, ಜಾತಿಯ ಏರ್ಪಾಟು. ಬೇಡುವಿಕೆ ಗರ್ವ ಇಳಿಸುವ ಸಾಧನೆಯಾಗುವುದು ಬೇಡದೆಯೂ ಬದುಕಬಲ್ಲವನಿಗೆ ಮಾತ್ರ. ಬೇರೆ ದಾರಿಯೇ ಇಲ್ಲದವರಿಗೆ ಅದು ಸಾಧನೆಯಲ್ಲ, ಶಿಕ್ಷೆ. ಈ ಮಾತನ್ನು ಮುಸ್ಲಿಮರು ಬೆರಳು ತೋರಿಸಿ ಆಡುವಂತಿಲ್ಲ. ದರ್ಗಾಗಳ ಬಾಗಿಲಲ್ಲಿ ಸಾಲುಗಟ್ಟಿ ಕುಳಿತ ಹೆಂಗಸರ ಮುಂದೆಯೂ ಇದೇ ಪ್ರಶ್ನೆಯನ್ನು ಇಡಬೇಕಾಗುತ್ತದೆ.

ತುಳಜಾಪುರದ ಮಹತ್ವ ಅದು ಕೊಡುವ ಫಲದಲ್ಲಿಲ್ಲ, ಕತ್ತಿಯಲ್ಲೂ ಇಲ್ಲ. ದಣಿದವರಿಗೆ ವಿಶ್ರಾಂತಿಯ ಹಕ್ಕಿದೆ, ಉಳ್ಳವರಿಗೆ ಬಾಗುವ ಕರ್ತವ್ಯವಿದೆ ಎಂಬ ಎರಡು ಮಾತುಗಳನ್ನು ಅದು ಆಚರಣೆಯ ಭಾಷೆಯಲ್ಲಿ ಹೇಳುತ್ತಾ ಬಂದಿದೆ. ಆ ಮಾತುಗಳನ್ನು ಒಪ್ಪಲು ದೇವಿಯ ಮುಂದೆ ತಲೆಬಾಗಲೇಬೇಕೆಂದಿಲ್ಲ. ಆದರೆ ಅವಳ ಮುಂದೆ ತಲೆಬಾಗುವವರು ಅವುಗಳಿಗೆ ಉತ್ತರ ಕೊಡಲೇಬೇಕು: ಸೀಗೆ ಹುಣ್ಣಿಮೆಯ ಮರುದಿನ ಊರಿಗೆ ಮರಳಿದ ಮೇಲೆ, ನಮ್ಮ ಹೊಲದಲ್ಲಿ ದುಡಿಯುವ ಹೆಂಗಸಿಗೆ ಎಷ್ಟು ಕೂಲಿ, ಎಷ್ಟು ವಿಶ್ರಾಂತಿ? ಬೇರೆ ಧರ್ಮದ ನೆರೆಯವನ ಅಂಗಡಿಗೆ ನಮ್ಮ ಜಾತ್ರೆಯಲ್ಲಿ ಜಾಗವಿದೆಯೇ?