‘ಸೂಚಿಸಲಾಗಿದೆ’: ಸೂಚಿಸಿದವರು ಯಾರು?

ಸಾಹಿತ್ಯದ ವಿದ್ಯಾರ್ಥಿಗಳು ಆಸ್ಪತ್ರೆಯ ಒಪ್ಪಿಗೆ ಪತ್ರವನ್ನು ಒಮ್ಮೆಯಾದರೂ ಪಠ್ಯವೆಂದು ಓದಬೇಕು. ಅದು ಉತ್ತಮ ಪುರುಷದಲ್ಲಿರುವ ಬರಹ. ಆದರೆ ಅಲ್ಲಿನ ‘ನಾನು’ ಅದನ್ನು ಬರೆದಿರುವುದಿಲ್ಲ. ಬರೆದದ್ದು ಆಸ್ಪತ್ರೆ, ಬಾಯಿ ಮಾತ್ರ ರೋಗಿಯದು. ಕ್ರಿಯಾಪದಗಳನ್ನು ಗಮನಿಸಿ: ವಿವರಿಸಲಾಗಿದೆ, ತಿಳಿಸಲಾಗಿದೆ, ಸೂಚಿಸಲಾಗಿದೆ. ಎಲ್ಲವೂ ಕರ್ಮಣಿ ಪ್ರಯೋಗ, ಎಲ್ಲಿಯೂ ಕರ್ತೃವಿಲ್ಲ.

ನಮ್ಮ ಚಿಂಚೋಳಿ ಕಡೆ ಯಾರೂ ಹೀಗೆ ಮಾತಾಡುವುದಿಲ್ಲ. ‘ಡಾಕ್ಟರ್ ಹೇಳ್ಯಾರ’, ‘ಸಿಸ್ಟರ್ ಬರಕೊಂಡಾರ’ ಎನ್ನುತ್ತಾರೆ. ಹೇಳಿದವರ ಹೆಸರು ಬಿಟ್ಟುಹೋದರೆ ಎದುರಿಗಿದ್ದವರು ‘ಯಾರ್ ಹೇಳ್ಯಾರ?’ ಎಂದು ಕೇಳದೆ ಬಿಡುವುದಿಲ್ಲ. ಕ್ಯಾನ್ಸರ್ ಚಿಕಿತ್ಸೆಯೊಳಗೆ ಕೃತಕ ಬುದ್ಧಿಮತ್ತೆ ಕಾಲಿಟ್ಟ ಮೇಲೆ ಈ ಪ್ರಶ್ನೆ ಬರಿಯ ವ್ಯಾಕರಣದ್ದಾಗಿ ಉಳಿದಿಲ್ಲ.

ಕರ್ನಾಟಕದ್ದೇ ಉದಾಹರಣೆ ಇದೆ. ಬೆಂಗಳೂರಿನ ಮಣಿಪಾಲ್ ಆಸ್ಪತ್ರೆ ಸಮೂಹ 2015ರ ಕೊನೆಗೆ ಐಬಿಎಂ ಕಂಪನಿಯ ‘ವಾಟ್ಸನ್ ಫಾರ್ ಆಂಕಾಲಜಿ’ಯನ್ನು ಬಳಸುವುದಾಗಿ ಪ್ರಕಟಿಸಿತು. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಆಸ್ಪತ್ರೆಯ ತಜ್ಞರಿಂದ ಪಳಗಿದ ತಂತ್ರಾಂಶ ಅದು. ರೋಗಿಯ ವಿವರ ಕೊಟ್ಟರೆ ಚಿಕಿತ್ಸೆಗಳನ್ನು ಮೂರು ಗುಂಪು ಮಾಡಿ ಮುಂದಿಡುತ್ತಿತ್ತು: ಮಾಡಿ, ಯೋಚಿಸಿ ನೋಡಿ, ಬೇಡ. ಮಣಿಪಾಲ್ ವೈದ್ಯರು ಮೊದಲೇ ಚಿಕಿತ್ಸೆ ತೀರ್ಮಾನವಾಗಿದ್ದ 638 ಸ್ತನ ಕ್ಯಾನ್ಸರ್ ಪ್ರಕರಣಗಳನ್ನು ಅದಕ್ಕೆ ಒಡ್ಡಿ, ಫಲಿತಾಂಶವನ್ನು 2018ರಲ್ಲಿ ‘ಆನಲ್ಸ್ ಆಫ್ ಆಂಕಾಲಜಿ’ಯಲ್ಲಿ ಪ್ರಕಟಿಸಿದರು. ತಜ್ಞರ ಮಂಡಳಿಗೂ ಯಂತ್ರಕ್ಕೂ ಶೇ 93ರಷ್ಟು ಹೊಂದಾಣಿಕೆ.

ಶೇ 93 ತಲೆಬರಹಕ್ಕೆ ಒಗ್ಗುವ ಅಂಕಿ. ನನ್ನ ಕಣ್ಣು ಹೋಗುವುದು ಉಳಿದ ಏಳರ ಮೇಲೆ. ಲೆಕ್ಕ ಹಾಕಿದರೆ ಸುಮಾರು 45 ಪ್ರಕರಣ. ರೋಗದ ಮೊದಲ ಮತ್ತು ನಾಲ್ಕನೆಯ ಹಂತಗಳಲ್ಲಿ ಹೊಂದಾಣಿಕೆ ಕಡಿಮೆಯಿತ್ತು. ರೋಗಿಯ ವಯಸ್ಸೂ ಅದನ್ನು ಏರುಪೇರು ಮಾಡಿತ್ತು. ಇದು ಹಿಂದಿನ ಪ್ರಕರಣಗಳ ಅಧ್ಯಯನವಾದ್ದರಿಂದ ಆ ಹೆಂಗಸರ ಮಾತು ಇಲ್ಲಿ ಬೇಡ. ಆದರೆ ಮುಂದೆ ಒಬ್ಬಾಕೆಯ ವಿಷಯದಲ್ಲಿ ವೈದ್ಯರು ಒಂದು ಹೇಳಿ ಯಂತ್ರ ಇನ್ನೊಂದು ಹೇಳಿದರೆ, ಆ ಭಿನ್ನಮತ ಆಕೆಗೆ ಗೊತ್ತಾಗಬೇಕೋ ಬೇಡವೋ? ‘ಸೂಚಿಸಲಾಗಿದೆ’ ಎಂಬ ಒಂದೇ ಪದ ಆ ಇಡೀ ಜಗಳವನ್ನು ನುಂಗಿ ನೀರು ಕುಡಿಯಬಲ್ಲದು. ನನಗೆ ಭಯ ಇರುವುದು ಅಲ್ಲಿ.

ಕಾನೂನು ಈ ಮಟ್ಟಿಗೆ ಕನ್ನಡದ ಕರ್ಮಣಿಗಿಂತ ಮುಂದಿದೆ. ಸಮೀರಾ ಕೊಹ್ಲಿ ಪ್ರಕರಣದಲ್ಲಿ (2008) ರೋಗಿ ಅರಿವಳಿಕೆಯಲ್ಲಿದ್ದಾಗ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ ತೆಗೆದದ್ದನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಚಿಕಿತ್ಸೆಯ ಉದ್ದೇಶ, ಬೇರೆ ದಾರಿಗಳು, ಅಪಾಯ, ಬೇಡವೆಂದರೆ ಏನಾದೀತು ಎಂಬುದೆಲ್ಲ ರೋಗಿಗೇ ತಿಳಿಯಬೇಕೆಂದಿತು. ಕ್ಯಾನ್ಸರ್ ಎಂಬ ಹೆಸರನ್ನೇ ರೋಗಿಯಿಂದ ಮುಚ್ಚಿಟ್ಟು ಮಗನೋ ಅಳಿಯನೋ ಸಹಿ ಹಾಕುವ ನಮ್ಮ ಮನೆಗಳಿಗೆ ಈ ತೀರ್ಪು ಇನ್ನೂ ಬಂದು ಮುಟ್ಟಿಲ್ಲ. 2023ರಲ್ಲಿ ಐಸಿಎಂಆರ್ ಹೊರತಂದ ಕೃತಕ ಬುದ್ಧಿಮತ್ತೆಯ ಮಾರ್ಗಸೂಚಿಯೂ ರೋಗಿಯ ಸ್ವಾಯತ್ತತೆಯನ್ನು ಎತ್ತಿ ಹಿಡಿಯುತ್ತದೆ.

‘ಒಪ್ಪ’ ಎಂದರೆ ಶಾಸನಗಳ ಕನ್ನಡದಲ್ಲಿ ಸಹಿ. ವಿಜಯನಗರದ ಶಾಸನಗಳ ಕೊನೆಗೆ ಬರುವ ‘ಶ್ರೀ ವಿರೂಪಾಕ್ಷ’ ದೊರೆಯ ಒಪ್ಪ. ನಮ್ಮ ಆಸ್ಪತ್ರೆಗಳ ಕಡತದಲ್ಲಿ ಒಪ್ಪಿಗೆ ಮತ್ತೆ ಬರಿಯ ಒಪ್ಪವಾಗಿದೆ, ದೊರೆತನವೊಂದು ಇಲ್ಲ.

ಪತ್ರವನ್ನು ಕನ್ನಡಕ್ಕೆ ತಂದರೆ ಮುಗಿಯಿತು ಎನ್ನುವವರಿದ್ದಾರೆ. ಯಾವ ಕನ್ನಡಕ್ಕೆ? ಚಿಂಚೋಳಿಯ ತಾಂಡಾಗಳ ಮನೆಮಾತು ಲಂಬಾಣಿ. ಗಡಿಯ ಹಳ್ಳಿಗಳಲ್ಲಿ ತೆಲುಗು, ಪೇಟೆಯಲ್ಲಿ ಉರ್ದು. ‘ಕೃತಕ ಬುದ್ಧಿಮತ್ತೆ’ ಎಂಬ ಪದ ಕಾಲೇಜು ಓದಿದವರಿಗೇ ಗಂಟಲಲ್ಲಿ ಸಿಕ್ಕುತ್ತದೆ. ಹಾಗೆಂದು ಓದು ಬಾರದವರಿಗೆ ಅರ್ಥವಾಗದು ಎಂದರೆ ನಾನು ಒಪ್ಪಲಾರೆ. ಪಕ್ಕದ ಸೇಡಂ ತಾಲ್ಲೂಕಿನ ಮಳಖೇಡದ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗ ಓದದ ಕನ್ನಡಿಗರ ಕಾವ್ಯಬುದ್ಧಿಯನ್ನು ಹೊಗಳಿದ್ದನ್ನು ವೇದಿಕೆ ಸಿಕ್ಕಲ್ಲೆಲ್ಲ ನೆನೆಯುತ್ತೇವೆ. ಅದೇ ಕನ್ನಡಿಗರು ಹೆಬ್ಬೆಟ್ಟು ಒತ್ತಲು ಬಂದಾಗ ಮಾತ್ರ ಅವರ ಬುದ್ಧಿಯ ಮೇಲೆ ನಂಬಿಕೆ ಹೋಗಿಬಿಡುತ್ತದೆ.

ತೊಗರಿ ರಾಶಿಯ ದಿನಗಳಲ್ಲಿ ಕೂಲಿಯ ಹೆಂಗಸೊಬ್ಬಳಿಗೆ ವಾರಕ್ಕೆ ಐದು ದಿನದಂತೆ ಹಲವು ವಾರ ವಿಕಿರಣ ಚಿಕಿತ್ಸೆ ಎಂದರೆ ಆಕೆ ಕೇಳುವುದು ಬಸ್ಸು, ಕೂಲಿ, ಮಕ್ಕಳ ಊಟ. ‘ಆ ಮಶೀನಿಗ ನನ್ನ ಕಷ್ಟ ಗೊತ್ತದೇನ್ರೀ?’ ಎಂದೂ ಕೇಳಬಹುದು. ನ್ಯೂಯಾರ್ಕಿನಲ್ಲಿ ಪಳಗಿದ ಯಂತ್ರದ ಬಗ್ಗೆ ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಬರೆಯಲಾರೆ.

ಯಂತ್ರ ಬೇಡ ಎನ್ನುವ ವಾದ ನನ್ನದಲ್ಲ. ತಜ್ಞರಿಗಾಗಿ ಕಲಬುರಗಿಗೋ ಹೈದರಾಬಾದಿಗೋ ಓಡುವ ಜನಕ್ಕೆ ಅದು ನಾಳೆ ನೆರವಾದರೆ ಒಳ್ಳೆಯದೇ. ಆದರೆ ಐಬಿಎಂ 2022ರಲ್ಲಿ ತನ್ನ ವಾಟ್ಸನ್ ಆರೋಗ್ಯ ವಿಭಾಗದ ದತ್ತಾಂಶದ ವ್ಯವಹಾರವನ್ನು ಮಾರಿತು, ಅದೀಗ ‘ಮೆರೇಟಿವ್’ ಎಂಬ ಬೇರೆ ಹೆಸರಿನಲ್ಲಿದೆ. ಕಂಪನಿ ಕೈಬದಲಾದರೂ ರೋಗಿಯ ಸಹಿ ಕಡತದಲ್ಲಿ ಇದ್ದಲ್ಲೇ ಇರುತ್ತದೆ.

ಹೀಗಾಗಿ ಪತ್ರದ ‘ನಾನು’ವನ್ನೇ ಬದಲಿಸಿ ಎನ್ನುತ್ತೇನೆ. ಮೊದಲ ಸಾಲುಗಳು ವೈದ್ಯರ ಉತ್ತಮ ಪುರುಷದಲ್ಲಿ, ಅವರ ಹೆಸರಿನ ಸಮೇತ ಇರಲಿ: ಯಂತ್ರವನ್ನು ಕೇಳಿದ್ದೇನೆ, ಅದು ಹೀಗೆ ಹೇಳಿತು, ನಾನು ಇಂಥ ಕಾರಣಕ್ಕೆ ಒಪ್ಪಿದೆ ಅಥವಾ ಒಪ್ಪಲಿಲ್ಲ, ನೀವು ಬೇಡವೆಂದರೂ ನಿಮ್ಮ ಚಿಕಿತ್ಸೆ ಇಂಥ ರೀತಿಯಲ್ಲಿ ಮುಂದುವರಿಯುತ್ತದೆ. ಅದರ ಕೆಳಗೆ ರೋಗಿ ಕೇಳಿದ ಪ್ರಶ್ನೆಗಳನ್ನು ಆಕೆಯ ಮಾತಿನಲ್ಲೇ ಬರೆದುಕೊಳ್ಳಲು ಅರ್ಧ ಪುಟ ಖಾಲಿ ಬಿಡಲಿ. ಸಹಿಯ ಜಾಗ ಅದಾದ ಮೇಲೆ.