ನಿಂದೆಯು ಬಿರುದಾಗುವ ಬಗೆ

ನಿಂದೆಯ ನೆವದಿಂದ ಸ್ತುತಿಸುವುದನ್ನು ನಮ್ಮ ಆಲಂಕಾರಿಕರು ವ್ಯಾಜಸ್ತುತಿಯೆಂದರು. ಅಲ್ಲಿ ಅರ್ಥವನ್ನು ತಿರುಗಿಸುವವನು ನುಡಿದವನೇ. ರಾಜಕೀಯ ನಿಂದೆಯು ಅಂತರ್ಜಾಲದ ಮೀಮ್ ಆಗುವಾಗಲಾದರೋ ತಿರುಗಿಸುವವನು ನಿಂದಿತನು.

ಅಮೆರಿಕದ ಅಧ್ಯಕ್ಷ ಚುನಾವಣೆಯ ಕಾಲದಲ್ಲಿ, ೨೦೧೬ರ ಸೆಪ್ಟೆಂಬರ್ ೯ರಂದು, ಹಿಲರಿ ಕ್ಲಿಂಟನ್ ಅವರು ಟ್ರಂಪ್ ಅವರ ಬೆಂಬಲಿಗರಲ್ಲಿ ಅರ್ಧದಷ್ಟು ಜನರನ್ನು ‘ಡಿಪ್ಲೋರಬಲ್ಸ್’, ಎಂದರೆ ಖಂಡನಾರ್ಹರು, ಎಂದು ಕರೆದರು. ಉಳಿದವರ ಸಂಕಟವನ್ನು ಅರಿಯಬೇಕೆಂದೂ ಅದೇ ಭಾಷಣದಲ್ಲಿ ನುಡಿದರು. ಬೆಂಬಲಿಗರು ಆ ಹೆಸರನ್ನು ಅಂಗಿಗಳ ಮೇಲೆ ಬಿರುದಿನಂತೆ ಧರಿಸಿದರು; ‘ದಿ ಎಕ್ಸ್‌ಪೆಂಡಬಲ್ಸ್’ ಚಲನಚಿತ್ರದ ಭಿತ್ತಿಪತ್ರದ ಅಣಕವಾಗಿಯೂ ಅದು ಹರಡಿತು. ಹೆಸರು ಉಳಿಯಿತು, ‘ಅರ್ಧ’ವೆಂಬ ವಿಶೇಷಣವೂ ಸಂಕಟದ ಮಾತೂ ಉದುರಿಹೋದುವು.

ಆದುದರಿಂದ ಮೀಮ್ ಉಳಿಸಿಕೊಂಡುದಕ್ಕಿಂತ ಅದು ಕಳಚಿದುದನ್ನೇ ವಿಮರ್ಶಕನು ಮೊದಲು ಅರಸಬೇಕೆಂದು ನಾವು ಭಾವಿಸುತ್ತೇವೆ. ವಾದವು ಅಳಿದು ಪಕ್ಷವೊಂದೇ ಉಳಿಯುವುದು ಅಲ್ಲಿಯೇ.